ಚಿಂತಕರ ಚಾವಡಿಗೆ (ನೀತಿ ಸಂಶೋಧನಾ ಸಂಸ್ಥೆಗೆ) ದೇಣಿಗೆ: ಹಾಸನದ ಸಿ.ಎ. ಅವರಿಗೆ ಒಂದು ಪ್ರಶ್ನೆ

ಪ್ರಶ್ನೆ (ಸಕಲೇಶಪುರದ ಕಾಫಿ ಬೆಳೆಗಾರ):
ನಮಸ್ಕಾರ ಸಾರ್. ಒಂದು ಸಂಶೋಧನಾ ಟ್ರಸ್ಟಿನವರು ಹೋದ ವಾರ ತೋಟಕ್ಕೇ ಬಂದಿದ್ರು. ಕಾಡಾನೆ ಹಾವಳಿ ಬಗ್ಗೆ ಸರ್ಕಾರಕ್ಕೆ ವರದಿ ಕೊಡ್ತೀವಿ, 25,000 ದೇಣಿಗೆ ಕೊಡಿ, ನಗದಾದ್ರೂ ಸರಿ, ತೆರಿಗೆಯಲ್ಲಿ ಕಡಿತ ಸಿಗೋ 80ಜಿ ರಸೀದಿ ಕೊಡ್ತೀವಿ ಅಂದ್ರು. ಮಾತು ಕೇಳಿದ್ರೆ ಒಂದು ಪಕ್ಷದ ಕಡೆಯವರ ಹಾಗಿತ್ತು. ತೆರಿಗೆ ವಿನಾಯಿತಿ ಇರೋ ಸಂಸ್ಥೆ ರಾಜಕೀಯ ಮಾಡಬಹುದಾ? ದುಡ್ಡು ಎಲ್ಲಿಗೆ ಹೋಗುತ್ತೆ ಅಂತ ತಿಳ್ಕೊಳ್ಳೋದು ಹೇಗೆ? ಅಮೆರಿಕದಲ್ಲಿರೋ ಮಗನೂ ಕೊಡ್ತೀನಿ ಅಂತಿದ್ದಾನೆ.

ಉತ್ತರ:
ಸಾರ್, ನಗದು ಮಾತ್ರ ಕೊಡಬೇಡಿ. 2,000 ರೂಪಾಯಿ ದಾಟಿದ ನಗದು ದೇಣಿಗೆಗೆ 80ಜಿ ಲಾಭ ಸಿಗೋದೇ ಇಲ್ಲ. ದೇಣಿಗೆ ಎತ್ತೋರಿಗೆ ಇದು ಗೊತ್ತಿರಲೇಬೇಕು. ಗೊತ್ತಿದ್ದೂ ಹಾಗಂದಿದ್ರೆ ನನಗದು ಸರಿ ಕಾಣಲ್ಲ.

ಇನ್ನೊಂದು ವಿಷಯ. ಕಾಫಿಯನ್ನು ಚೆರ್ರಿ (ಹಣ್ಣು) ಅಥವಾ ಪಾರ್ಚ್‌ಮೆಂಟ್ (ಹಣ್ಣಿನ ಸಿಪ್ಪೆ ತೆಗೆದು ಒಣಗಿಸಿದ ಬೀಜ) ಆಗಿಯೇ ಮಾರ್ತೀರಾ? ಹಾಗಿದ್ರೆ ಅದು ಕೃಷಿ ಆದಾಯ, ಆದಾಯ ತೆರಿಗೆಯೇ ಇಲ್ಲ, ತೆರಿಗೆ ಬೀಳೋ ಬೇರೆ ಆದಾಯ ಇಲ್ಲದಿದ್ರೆ ರಸೀದಿಯಿಂದ ಪೈಸೆಯೂ ಉಳಿಯಲ್ಲ. ನೀವೇ ಕ್ಯೂರಿಂಗ್ (ಬೀಜದ ಹೊಟ್ಟು ತೆಗೆದು ಹಸನು ಮಾಡೋದು) ಮಾಡಿ ಮಾರಿದ್ರೆ ಆ ಆದಾಯದ 25% ಭಾಗ ತೆರಿಗೆಗೆ ಬರುತ್ತೆ. ಆಗಲೂ ಹಳೇ ತೆರಿಗೆ ಪದ್ಧತಿಯಲ್ಲಿದ್ರೆ ಮಾತ್ರ 80ಜಿ ಉಪಯೋಗ, ಇಂಥ ಟ್ರಸ್ಟಿಗೆ ಕೊಟ್ಟಿದ್ದರಲ್ಲಿ ಅರ್ಧ ಮಾತ್ರ ತೆರಿಗೆ ಬೀಳೋ ಆದಾಯದಿಂದ ಕಳೀತಾರೆ. ನಮ್ಮ ಬೆಳೆಗಾರರು ಎಷ್ಟೋ ಜನ ರಸೀದಿ ಆಸೆಗೇ ಕೊಟ್ಟುಬಿಡ್ತಾರೆ, ಅದಕ್ಕೇ ಇಷ್ಟು ಬಿಡಿಸಿ ಹೇಳಿದ್ದು.

ರಾಜಕೀಯದ ಮಾತಿಗೆ ಬರೋಣ. ನೀತಿ ಅಧ್ಯಯನ, ವರದಿ, ವಿಚಾರಸಂಕಿರಣ ಎಲ್ಲ ಮಾಡಬಹುದು. ಒಂದು ಪಕ್ಷಕ್ಕೆ ಪ್ರಚಾರ ಮಾಡೋದು ಧರ್ಮಾರ್ಥ ಕೆಲಸ ಆಗಲ್ಲ. ಪಕ್ಷಕ್ಕೇ ಕೊಡೋ ಮನಸ್ಸಿದ್ರೆ ಅದಕ್ಕೆ 80ಜಿಜಿಸಿ ಅಂತ ಬೇರೆಯೇ ಕಲಂ ಇದೆ, ಅಲ್ಲೂ ನಗದು ನಡೆಯಲ್ಲ.

ದುಡ್ಡಿನ ದಾರಿ ತಿಳೀಬೇಕಂದ್ರೆ ಆಡಿಟ್ ವರದಿ ಕೇಳಿ. ಟ್ರಸ್ಟು ವರ್ಷದ ಆದಾಯದಲ್ಲಿ 85% ತನ್ನ ಉದ್ದೇಶಕ್ಕೆ ಖರ್ಚು ಮಾಡಬೇಕು ಅನ್ನೋದು ನಿಯಮ. ಆದರೆ ಬರೀ ಆ ಅಂಕಿ ನೋಡಿ ಸಮಾಧಾನ ಪಡಬೇಡಿ. ಸಂಬಳ, ಬಾಡಿಗೆ, ಓಡಾಟ, ಹೋಟೆಲ್ ಸಭಾಂಗಣ, ಎಲ್ಲವನ್ನೂ ಉದ್ದೇಶದ ಖರ್ಚು ಅಂತಲೇ ತೋರಿಸಬಹುದು. ಸಂಶೋಧಕರಿಗೆ ಎಷ್ಟು ಹೋಯ್ತು, ಸಮಾರಂಭಕ್ಕೆ ಎಷ್ಟು, ಟ್ರಸ್ಟಿಗಳ ಮನೆಯವರಿಗೆ ಬಾಡಿಗೆ ಅಥವಾ ಸಂಬಳ ಹೋಗಿದೆಯಾ, ಈ ಮೂರು ಸಾಲು ಹುಡುಕಿ. ಕೇಳಿದ್ದಕ್ಕೆ ಮುಖ ಗಂಟು ಹಾಕ್ಕೊಂಡ್ರೆ ನಾನಂತೂ ಕೊಡಲ್ಲ.

ಪ್ರಶ್ನೆ (ಚಿಕ್ಕಮಗಳೂರಿನ ಉಪನ್ಯಾಸಕಿ):
ಸಾರ್, ಅಮೆರಿಕದಲ್ಲಿ ಇಂಥ ಸಂಸ್ಥೆಗಳು ಬಹಿರಂಗವಾಗೇ ಒಂದು ಪಕ್ಷದ ಪರ ಇರ್ತಾವಲ್ಲ, ಅಲ್ಲಿ ಹೇಗೆ?

ಉತ್ತರ:
ಮೇಡಂ, ಅಲ್ಲಿ ಎರಡು ಮನೆ ಕಟ್ಟಿಕೊಳ್ತಾರೆ. ಅಲ್ಲಿಯ ತೆರಿಗೆ ಕಾಯ್ದೆಯ 501(ಸಿ)(3) ಕಲಮಿನ ಸಂಸ್ಥೆಗೆ ಕೊಟ್ಟವರಿಗೆ ತೆರಿಗೆ ಕಡಿತ ಸಿಗುತ್ತೆ, ಆದರೆ ಅದು ಯಾವ ಅಭ್ಯರ್ಥಿಯ ಪರವಾಗಲೀ ವಿರುದ್ಧವಾಗಲೀ ನಿಲ್ಲುವ ಹಾಗಿಲ್ಲ, 1954ರಿಂದ ಈ ನಿಷೇಧ ಇದೆ. 501(ಸಿ)(4)ಗೆ ಕೊಟ್ಟರೆ ಕಡಿತ ಇಲ್ಲ, ಲಾಬಿ ಮಾಡೋಕೆ ಸ್ವಾತಂತ್ರ್ಯ ಹೆಚ್ಚು. ಬಲಪಂಥದ ಹೆರಿಟೇಜ್ ಫೌಂಡೇಶನ್ 1973ರದ್ದು, ಅದರ ಜೊತೆಗೆ 2010ರಲ್ಲಿ ಈ ಎರಡನೇ ಬಗೆಯ ಹೆರಿಟೇಜ್ ಆಕ್ಷನ್ ಹುಟ್ಟಿತು. ಇನ್ನೊಂದು ಕಡೆಯ ಸೆಂಟರ್ ಫಾರ್ ಅಮೆರಿಕನ್ ಪ್ರೋಗ್ರೆಸ್‌ಗೂ ಆಕ್ಷನ್ ಫಂಡ್ ಇದೆ. ಎರಡೂ ಕಡೆ ಒಂದೇ ಜಾಣತನ.

ನನಗೆ ಅಲ್ಲಿಯದ್ದರಲ್ಲಿ ಹಿಡಿಸೋದು ಫಾರ್ಮ್ 990, ಇಂಥ ಸಂಸ್ಥೆಗಳು ತೆರಿಗೆ ಇಲಾಖೆಗೆ ಕೊಡೋ ಲೆಕ್ಕಪತ್ರ. ಪ್ರತಿ ವರ್ಷ ಸಲ್ಲಿಸಬೇಕು, ಯಾರು ಬೇಕಾದ್ರೂ ಓದಬಹುದು. ಮುಖ್ಯಸ್ಥರ ಸಂಬಳ, ಕಾರ್ಯಕ್ರಮದ ಖರ್ಚು, ಆಡಳಿತದ ಖರ್ಚು, ದೇಣಿಗೆ ಎತ್ತೋದಕ್ಕೇ ಆದ ಖರ್ಚು ಬೇರೆ ಬೇರೆ ಕಾಣುತ್ತೆ. ಆದರೆ ದೊಡ್ಡ ದಾನಿಗಳ ಹೆಸರು ಜನರಿಗೆ ತೋರಿಸಬೇಕಿಲ್ಲ. ವರದಿ ಯಾರ ದುಡ್ಡಲ್ಲಿ ಬರೆದದ್ದು ಅಂತ ಓದುಗರಿಗೆ ತಿಳಿಯದೇ ಹೋದ್ರೆ ಉಳಿದ ಲೆಕ್ಕ ಎಷ್ಟು ಚೊಕ್ಕ ಇದ್ರೂ ನನಗದು ಅರ್ಧ ಲೆಕ್ಕವೇ.

ಬೆಳೆಗಾರ ಸಾರ್, ನಿಮ್ಮ ಮಗ ಈಗಲೂ ಭಾರತದ ಪ್ರಜೆಯಾ?

ಪ್ರಶ್ನೆ (ಸಕಲೇಶಪುರದ ಬೆಳೆಗಾರ):
ಇಲ್ಲ ಸಾರ್, ಹೋದ ವರ್ಷ ಅಲ್ಲಿಯ ಪೌರತ್ವ ಆಯ್ತು. ಒಸಿಐ (ಸಾಗರೋತ್ತರ ಭಾರತೀಯ) ಕಾರ್ಡ್ ಇದೆ.

ಉತ್ತರ:
ಹಾಗಾದ್ರೆ ಅವರ ದುಡ್ಡು ವಿದೇಶಿ ದೇಣಿಗೆ ಆಗುತ್ತೆ, ಒಸಿಐ ಇದ್ರೂ ಅಷ್ಟೇ. ಟ್ರಸ್ಟಿಗೆ ಎಫ್‌ಸಿಆರ್‌ಎ (ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ) ನೋಂದಣಿ ಇರಬೇಕು, ಹಣ ಅದರ ದೆಹಲಿಯ ಸ್ಟೇಟ್ ಬ್ಯಾಂಕ್ ಮುಖ್ಯ ಶಾಖೆಯ ಎಫ್‌ಸಿಆರ್‌ಎ ಖಾತೆಗೇ ಬರಬೇಕು. ಅದರಲ್ಲಿ ಆಡಳಿತಕ್ಕೆ 20%ಗಿಂತ ಹೆಚ್ಚು ಬಳಸೋ ಹಾಗಿಲ್ಲ. ನಿಮ್ಮ ಖಾತೆಗೆ ಕಳಿಸಿ ನಿಮ್ಮ ಕೈಯಿಂದ ಕೊಡಿಸೋ ಯೋಚನೆ ಬೇಡ. ಅವರು ಮತ್ತೆ ತೋಟಕ್ಕೆ ಬಂದ್ರೆ ಎಫ್‌ಸಿಆರ್‌ಎ ನೋಂದಣಿ ಸಂಖ್ಯೆ, ಹೋದ ವರ್ಷದ ಆಡಿಟ್ ವರದಿ ಎರಡನ್ನೂ ಕೇಳಿ ಇಸ್ಕೊಂಡು ನನಗೆ ಕಳಿಸಿ, ನೋಡಿ ಹೇಳ್ತೀನಿ.