11 ವರ್ಷದ ಆಸ್ಕರ್ ಮೀನು ಸೊರಗುತ್ತಿದೆ: ವಯಸ್ಸೋ, ಕಾಯಿಲೆಯೋ?

ಪ್ರಶ್ನೆ (ಮೈಸೂರಿನ ಸದಸ್ಯರು): ನಮಸ್ಕಾರ ಡಾಕ್ಟ್ರೇ. ನಮ್ಮ ಆಸ್ಕರ್ ಮೀನಿಗೆ ಈಗ 11 ವರ್ಷ. ನಾಲ್ಕಡಿ ಟ್ಯಾಂಕಿನಲ್ಲಿ ಒಂದೇ ಇದೆ. ದೀಪಾವಳಿ ಕಳೆದ ಮೇಲೆ ಸೊರಗುತ್ತಾ ಬಂದಿದೆ. ಹೊಟ್ಟೆ ಒಳಗೆ ಹೋಗಿದೆ, ತಲೆ ಮಾತ್ರ ದೊಡ್ಡದಾಗಿ ಕಾಣುತ್ತದೆ. ಪೆಲೆಟ್ (ಗುಳಿಗೆಯಂಥ ಒಣ ಆಹಾರ) ಬಾಯಿಗೆ ತೆಗೆದುಕೊಂಡು ಉಗುಳಿಬಿಡುತ್ತದೆ. ಮಲ ಬಿಳಿ ದಾರದ ಹಾಗೆ ನೇತಾಡುತ್ತದೆ. ಕಣ್ಣಿನ ಮೇಲ್ಗಡೆ ಸಣ್ಣ ಸಣ್ಣ ಕುಳಿ ಬಿದ್ದಿವೆ. ಅಂಗಡಿಯವರು "ವಯಸ್ಸಾಯ್ತು, ಬಿಡಿ" ಅಂದರು. ನನಗೂ ಮಗಳಿಗೂ ಹಾಗೆ ಬಿಡಲು ಮನಸ್ಸಿಲ್ಲ.

ಉತ್ತರ (ಮೀನಿನ ವೈದ್ಯೆ): ಬಿಡಬೇಡಿ. ಚೆನ್ನಾಗಿ ನೋಡಿಕೊಂಡರೆ ಆಸ್ಕರ್ 10ರಿಂದ 15 ವರ್ಷ ಬದುಕುತ್ತದೆ. ವಯಸ್ಸಾದ ಮೀನು ನಿಧಾನ ಆಗುತ್ತದೆ, ಸ್ವಲ್ಪ ಕಡಿಮೆ ತಿನ್ನುತ್ತದೆ, ಅದು ಸರಿ. ಆದರೆ ಕೆಲವೇ ವಾರದಲ್ಲಿ ಹೊಟ್ಟೆ ಒಳಗೆ ಹೋಗಿ ಬೆನ್ನು ಚೂಪಾದರೆ ಅದಕ್ಕೆ ಬೇರೆ ಕಾರಣ ಇದ್ದೇ ಇರುತ್ತದೆ. ವಯಸ್ಸು ಆ ಕಾರಣವನ್ನು ತಡೆದುಕೊಳ್ಳುವ ಶಕ್ತಿಯನ್ನು ಕಡಿಮೆ ಮಾಡಿರುತ್ತದೆ, ಅಷ್ಟೇ.

ಬಿಳಿ ದಾರದಂಥ ಮಲ ನೋಡಿದ ಕೂಡಲೇ ಎಲ್ಲರೂ ಹುಳು ಅಂದುಕೊಳ್ಳುತ್ತಾರೆ. ಊಟ ಇಲ್ಲದೆ ಕರುಳಿನ ಲೋಳೆ ಮಾತ್ರ ಹೊರಗೆ ಬಂದರೂ ಅದು ಹೀಗೇ ಕಾಣುತ್ತದೆ. ಕುಳಿಗಳೂ ಜೊತೆಗಿರುವುದರಿಂದ ಸ್ಪೈರೊನ್ಯೂಕ್ಲಿಯಸ್ ಎಂಬ ಕರುಳಿನ ಪರಾವಲಂಬಿಯ ಮೇಲೆ ನನಗೆ ಅನುಮಾನ ಇದೆ. ಆದರೂ ಔಷಧಿಗೆ ಮೊದಲು ಮೂರು ವಿಷಯ ಹೇಳಿ. ನೀರಿನ ಪಿಎಚ್ (ಆಮ್ಲ-ಕ್ಷಾರದ ಅಳತೆ), ಮೀನಿನ ತ್ಯಾಜ್ಯದಿಂದ ಸೇರುವ ಅಮೋನಿಯ, ನೈಟ್ರೇಟ್ ಎಷ್ಟಿದೆ? ಬೆಳಗಿನ ಜಾವ ನೀರು ಎಷ್ಟು ಡಿಗ್ರಿ? ಇಷ್ಟು ವರ್ಷ ಏನು ತಿನ್ನಿಸಿದಿರಿ?

ಇನ್ನೊಬ್ಬ ಸದಸ್ಯರು: ಸುಮ್ನೆ ಮನೆಯಲ್ಲಿರೋ ಮೆಟ್ರೊನಿಡಜೋಲ್ ಮಾತ್ರೆ ಪುಡಿ ಮಾಡಿ ಟ್ಯಾಂಕಿಗೆ ಹಾಕಿ ಸರ್. ಜೊತೆಗೆ ಒಂದು ಆಂಟಿಬಯೋಟಿಕ್. ನನ್ನ ಫ್ಲವರ್‌ಹಾರ್ನ್ ಮೀನು ಇದರಲ್ಲೇ ಉಳಿಯಿತು.

ಉತ್ತರ: ನಿಮ್ಮ ಮೀನು ಉಳಿದದ್ದು ಸಂತೋಷ. ಇಲ್ಲಿ ಈಗಲೇ ಹಾಗೆ ಮಾಡಬೇಡಿ. ಮೆಟ್ರೊನಿಡಜೋಲ್ ಸ್ಪೈರೊನ್ಯೂಕ್ಲಿಯಸ್‌ಗೆ ಒಳ್ಳೆಯ ಔಷಧಿ ನಿಜ, ಜಂತುಹುಳಕ್ಕೆ ಕೆಲಸ ಮಾಡುವುದಿಲ್ಲ. ಗುದದ್ವಾರದಲ್ಲಿ ಕೆಂಪು ಎಳೆ ಕಂಡರೆ ಅದು ಕ್ಯಾಮಲಾನಸ್ ಹುಳು, ಅದಕ್ಕೆ ಲೆವಮಿಸೋಲ್ ಬೇಕು. ಲಾಡಿಹುಳಕ್ಕೆ ಪ್ರಾಜಿಕ್ವಾಂಟೆಲ್. ಆಂಟಿಬಯೋಟಿಕ್ ನೀರಿಗೆ ಸುರಿದರೆ ಫಿಲ್ಟರಿನಲ್ಲಿ ಅಮೋನಿಯ ತಿನ್ನುವ ಬ್ಯಾಕ್ಟೀರಿಯಾಗಳೂ ಸಾಯಬಹುದು. ಸೊರಗಿದ ಮೀನು ಆ ಪೆಟ್ಟನ್ನು ತಡೆದುಕೊಳ್ಳುವುದಿಲ್ಲ.

ಪ್ರಶ್ನೆ ಕೇಳಿದವರು: ನೋಡಿದೆ ಡಾಕ್ಟ್ರೇ. ಪಿಎಚ್ 6, ಅಮೋನಿಯ 1, ನೈಟ್ರೇಟ್ 100ಕ್ಕಿಂತ ಜಾಸ್ತಿ. ನಮ್ಮ ಬೋರ್‌ವೆಲ್ ನೀರಿನ ಪಿಎಚ್ 7.8. ಬೆಳಿಗ್ಗೆ ನೀರು 21 ಡಿಗ್ರಿ, ಹೀಟರ್ ಕೆಟ್ಟಿದೆ. ಚಿಕನ್ ಹಾರ್ಟ್, ವಾರಕ್ಕೊಮ್ಮೆ ಜೀವಂತ ಗೋಲ್ಡ್‌ಫಿಶ್ ಕೊಡುತ್ತೇವೆ. ಪೆಲೆಟ್ ದೊಡ್ಡ ಡಬ್ಬಿ, ತಂದು ಒಂದು ವರ್ಷದ ಮೇಲಾಯಿತು. ಇವತ್ತೇ ಅರ್ಧ ನೀರು ಬದಲಾಯಿಸಿಬಿಡಲಾ?

ಉತ್ತರ: ದಯವಿಟ್ಟು ಬೇಡ! ಈ ಥ್ರೆಡ್ಡಿನಲ್ಲಿ ಒಂದೇ ಮಾತು ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ.

ವರ್ಷಗಟ್ಟಲೆ ಓಡಿದ ಟ್ಯಾಂಕಿನಲ್ಲಿ ಪಿಎಚ್ ಇಳಿಯದಂತೆ ಹಿಡಿದಿಡುವ ಕಾರ್ಬೋನೇಟ್ ಖರ್ಚಾಗಿ ಪಿಎಚ್ ಇಳಿಯುತ್ತದೆ. ಆಗ ಫಿಲ್ಟರಿನ ಬ್ಯಾಕ್ಟೀರಿಯಾ ಕೆಲಸ ನಿಧಾನ ಮಾಡುತ್ತವೆ, ಅಮೋನಿಯ ಉಳಿಯುತ್ತದೆ. ಪಿಎಚ್ 6ರಲ್ಲಿ ಅದು ಹೆಚ್ಚುಕಡಿಮೆ ಪೂರ್ತಿ ಅಮೋನಿಯಮ್ ರೂಪದಲ್ಲಿರುತ್ತದೆ, ವಿಷ ಕಡಿಮೆ. ಪಿಎಚ್ ಒಂದು ಅಂಕ ಏರಿದರೆ ಅದರಲ್ಲಿ ವಿಷಕಾರಿ ಅಮೋನಿಯದ ಪಾಲು ಸುಮಾರು 10 ಪಟ್ಟು ಏರುತ್ತದೆ. ಬೋರ್ ನೀರು ಅರ್ಧ ಟ್ಯಾಂಕ್ ಸುರಿದರೆ ಪಿಎಚ್ ಒಮ್ಮೆಲೇ ಏರಿ ಕಿವಿರಿಗೆ ಪೆಟ್ಟು ಬೀಳಬಹುದು. "ನೀರು ಬದಲಾಯಿಸಿದ ಮೇಲೇ ಸತ್ತಿತು" ಅಂತ ಎಷ್ಟೋ ಜನ ನನ್ನ ಹತ್ತಿರ ಅತ್ತಿದ್ದಾರೆ.

ದಿನಕ್ಕೆ ಹತ್ತನೇ ಒಂದು ಭಾಗ ಮಾತ್ರ ಬದಲಾಯಿಸಿ. ನಿಮ್ಮ ಟ್ಯಾಂಕ್ 250 ಲೀಟರ್ ಹತ್ತಿರ ಇರಬೇಕು, ಅಂದರೆ 25 ಲೀಟರ್, ಒಂದು ದೊಡ್ಡ ಬಕೆಟ್. ನಲ್ಲಿ ನೀರು ಬಳಸಿದರೆ ಆಂಟಿ ಕ್ಲೋರಿನ್ (ಕ್ಲೋರಿನ್ ತೆಗೆಯುವ ದ್ರಾವಣ) ಹಾಕಿ. ಅಮೋನಿಯ, ಪಿಎಚ್ ದಿನಾ ನೋಡಿ. ಫಿಲ್ಟರ್ ಸ್ಪಂಜನ್ನು ನಲ್ಲಿ ಕೆಳಗೆ ತೊಳೆಯಬೇಡಿ, ಟ್ಯಾಂಕಿನಿಂದ ತೆಗೆದ ನೀರಲ್ಲೇ ಹಿಂಡಿ. ಹೊಸ ಹೀಟರ್ ಹಾಕಿ, ದಿನಕ್ಕೆ ಒಂದೊಂದೇ ಡಿಗ್ರಿ ಏರಿಸಿ 27ಕ್ಕೆ ತನ್ನಿ. 21 ಡಿಗ್ರಿಯಲ್ಲಿ ಅಮೆಜಾನಿನ ಮೀನಿಗೆ ಹಸಿವೂ ಕಡಿಮೆ, ಜೀರ್ಣವೂ ನಿಧಾನ. ದೀಪಾವಳಿ ಆದಮೇಲೆ ಶುರುವಾಯಿತು ಅಂದಿರಲ್ಲ, ಚಳಿಯ ಪಾಲೂ ಇದೆ.

ಊಟ ಬದಲಾಗಲೇಬೇಕು. ಚಿಕನ್ ಹಾರ್ಟ್ ನಿಲ್ಲಿಸಿ, ಆ ಕೊಬ್ಬು ಮೀನಿಗೆ ಸರಿಯಾಗಿ ಜೀರ್ಣ ಆಗುವುದಿಲ್ಲ. ಗೋಲ್ಡ್‌ಫಿಶ್‌ನಲ್ಲಿ ವಿಟಮಿನ್ ಬಿ1 ಕೆಡಿಸುವ ಕಿಣ್ವ ಇದೆ, ಅವು ಪರಾವಲಂಬಿಗಳನ್ನೂ ತರುತ್ತವೆ. ಹಳೆ ಪೆಲೆಟ್‌ನಲ್ಲಿ ವಿಟಮಿನ್ ಸಿ ಉಳಿದಿರುವುದಿಲ್ಲ, ಎಸೆಯಿರಿ. ಸಣ್ಣ ಡಬ್ಬಿ ತಂದು, ಸಣ್ಣ ಪೆಲೆಟ್ಟನ್ನು ಟ್ಯಾಂಕಿನ ನೀರಲ್ಲಿ ಎರಡು ನಿಮಿಷ ನೆನೆಸಿ ಕೊಡಿ. ಸಿಪ್ಪೆ ತೆಗೆದ ಸೀಗಡಿ, ಎರೆಹುಳು ಸಣ್ಣದಾಗಿ ಹೆಚ್ಚಿ ಕೊಟ್ಟರೆ ಹಟಮಾರಿ ಆಸ್ಕರ್‌ಗಳೂ ಬಾಯಿ ಹಾಕುತ್ತವೆ.

ತಿನ್ನಲು ಶುರು ಮಾಡಿದ ಮೇಲೆ ಹೊಸ ಮಲವನ್ನು ಮೈಕ್ರೋಸ್ಕೋಪ್ ಇರುವ ಪಶುವೈದ್ಯರಿಗೆ ತೋರಿಸಿ. ಬಿದ್ದ ತಕ್ಷಣ ನೋಡಬೇಕು, ತಡವಾದರೆ ಸ್ಪೈರೊನ್ಯೂಕ್ಲಿಯಸ್ ಸತ್ತು ಕಾಣದೇ ಹೋಗಬಹುದು. ಇದೆ ಅಂತಾದರೆ ಮೆಟ್ರೊನಿಡಜೋಲನ್ನು ಮೀನಿನ ತೂಕಕ್ಕೆ ತಕ್ಕಂತೆ ಆಹಾರದಲ್ಲೇ ಕೊಡೋಣ.

ಪ್ರಶ್ನೆ ಕೇಳಿದವರು: ಇಷ್ಟೆಲ್ಲ ಮಾಡಿಯೂ ಚೇತರಿಸದಿದ್ದರೆ?

ಉತ್ತರ: ಚೆನ್ನಾಗಿ ತಿಂದೂ ಸೊರಗುತ್ತಲೇ ಹೋದರೆ, ಬೆನ್ನು ಬಾಗಿದರೆ, ಮಾಗದ ಹುಣ್ಣು ಬಂದರೆ ಮೀನಿನ ಕ್ಷಯದ ಅನುಮಾನ ಪಡಬೇಕು. ಅದಕ್ಕೆ ನಂಬಿಕೆಯ ಔಷಧಿ ಇಲ್ಲ. ಆ ಬ್ಯಾಕ್ಟೀರಿಯಾ ಕೈಯ ಗಾಯದಿಂದ ಮನುಷ್ಯರ ಚರ್ಮಕ್ಕೂ ಬರುತ್ತದೆ. ಆದ್ದರಿಂದ ಇವತ್ತಿನಿಂದಲೇ ಕೈಗೆ ಗ್ಲೌಸ್ ಹಾಕಿ, ಪೈಪಿನ ನೀರನ್ನು ಬಾಯಿಂದ ಎಳೆಯಬೇಡಿ. ಮಗಳಿಗೂ ಹೇಳಿ.

ಮೀನು ಪಕ್ಕಕ್ಕೆ ಮಲಗಿ ಏಳದಿದ್ದರೆ, ಊಟದ ಕಡೆ ತಿರುಗಿಯೂ ನೋಡದಿದ್ದರೆ, ವೈದ್ಯರ ಸಹಾಯದಿಂದ ಲವಂಗದ ಎಣ್ಣೆಯ ಅರಿವಳಿಕೆಯಲ್ಲಿ ನೋವಿಲ್ಲದೆ ಕಳಿಸಬಹುದು. ಇಷ್ಟು ದೊಡ್ಡ ಮೀನನ್ನು ಐಸ್ ನೀರಿಗೆ ಹಾಕಬಾರದು, ಅದು ನರಳಿಸಿದಂತೆ. ಕೆರೆಗೂ ಬಿಡಬೇಡಿ. ಆದರೆ ನಿಮ್ಮ ಮೀನು ಪೆಲೆಟ್ ಬಾಯಿಗೆ ತೆಗೆದುಕೊಳ್ಳುತ್ತಿದೆಯಲ್ಲ, ತಿನ್ನುವ ಆಸೆ ಇನ್ನೂ ಇದೆ. ಮೊದಲ ಬಕೆಟ್ ನೀರು ಇವತ್ತು ಬದಲಾಯಿಸಿ, ನಾಳೆ ಬೆಳಗಿನ ಪಿಎಚ್, ಅಮೋನಿಯ ಇಲ್ಲಿ ಬರೆಯಿರಿ.