25ರಿಂದ ಸ್ಕೂಲ್ ಶುರು. ಮನೆಯಲ್ಲಿ ಡಯಾಲಿಸಿಸ್ ಅಜ್ಜಿ ಇದ್ದಾರೆ, ಎರಡನೇ ಕ್ಲಾಸ್ ಮಗನನ್ನು ಕಳಿಸೋದಾ?

ಮೈಸೂರು ಸೊಸೆ
21 ಅಕ್ಟೋಬರ್ 2021

ಎಲ್ಲರಿಗೂ ನಮಸ್ಕಾರ. ಮಗ ಎರಡನೇ ಕ್ಲಾಸು, ಅದೂ ಹೆಸರಿಗೆ. 2020ರ ಜೂನ್‌ನಲ್ಲಿ ಈ ಸ್ಕೂಲಿಗೆ ಸೇರಿಸಿದೆವು. ಕೊರೋನಾ ಅಂತ ಸ್ಕೂಲು ಮುಚ್ಚಿದ್ದರಿಂದ ಇವತ್ತಿನವರೆಗೆ ಅವನು ಅದರ ಗೇಟು ದಾಟಿಲ್ಲ. ಈಗ ಸರ್ಕಾರ ಇದೇ 25ರಿಂದ 1ರಿಂದ 5ನೇ ತರಗತಿ ಶುರು ಮಾಡಬಹುದು ಎಂದಿದೆ. ಹಾಜರಿ ಕಡ್ಡಾಯ ಅಲ್ಲ, ತಂದೆ ತಾಯಿ ಒಪ್ಪಿಗೆ ಪತ್ರ ಕೊಡಬೇಕು. ಸ್ಕೂಲಿನವರು ಪತ್ರ ವಾಟ್ಸಾಪ್ ಮಾಡಿದ್ದಾರೆ, ಶನಿವಾರದೊಳಗೆ ಸಹಿ ಬೇಕಂತೆ. ಅದರ ಕೊನೆ ಸಾಲು ಓದಿದರೆ ಮೈ ಉರಿಯುತ್ತದೆ: ಮಗುವಿಗೆ ಸೋಂಕು ತಗುಲಿದರೆ ಶಾಲೆ ಹೊಣೆಯಲ್ಲ. ಫೀಸ್ ಮಾತ್ರ ಪೂರ್ತಿ ಹೊಣೆಯಿಂದ ವಸೂಲಿ ಮಾಡುತ್ತಾರೆ, ಅದಿರಲಿ.

ನಮ್ಮನೆ ವಿಷಯ ಹೇಳುತ್ತೇನೆ. ಅತ್ತೆಗೆ 67. ವಾರಕ್ಕೆ ಎರಡು ಸಲ ಡಯಾಲಿಸಿಸ್. ಲಸಿಕೆ ಎರಡೂ ಡೋಸ್ ಆಗಿದೆ, ನಮ್ಮಿಬ್ಬರಿಗೂ ಆಗಿದೆ. ಯಜಮಾನರು ನಂಜನಗೂಡಿನ ಫ್ಯಾಕ್ಟರಿಗೆ ಶಿಫ್ಟ್ ಹೋಗುತ್ತಾರೆ. ಮನೆ ಸಣ್ಣದು. ಮಗ ಹುಟ್ಟಿದಾಗಿನಿಂದ ಅಜ್ಜಿ ಪಕ್ಕದಲ್ಲೇ ಮಲಗೋದು.

ಹಾಗಂತ ಆನ್‌ಲೈನ್ ಕ್ಲಾಸ್ ಚೆನ್ನಾಗಿದೆ ಅಂತಲ್ಲ. ಬೆಳಿಗ್ಗೆ ಒಂಬತ್ತೂವರೆಗೆ ಸಕ್ಕರೆ ಡಬ್ಬಕ್ಕೆ ಫೋನ್ ಒರಗಿಸಿ ಕೂರಿಸುತ್ತೇನೆ. ಮೊನ್ನೆ ಮಿಸ್ಸು 9 ಮೂರಲೆ ಎಷ್ಟು ಅಂತ ಕೇಳಿದರು. ಇವನು ಥಟ್ಟನೆ 27 ಎಂದ. ನಾನು ಅಡುಗೆಮನೆಯಿಂದ ಓಡಿಬಂದು ಬೆನ್ನು ತಟ್ಟಿದೆ. "ಸಾನ್ವಿ ಮಮ್ಮಿ ಹೇಳಿದ್ರಲ್ಲ" ಎಂದ. ಆ ಕಡೆ ಯಾರೋ ಅಮ್ಮ ತಮ್ಮ ಮಗಳಿಗೆ ಪಿಸುಗುಟ್ಟಿದ್ದು ಇವನ ಕಿವಿಗೆ ಬಿದ್ದಿದೆ! ಇಡೀ ಕ್ಲಾಸು ಹೀಗೇ ನಡೆಯುತ್ತಿದೆ. ಮಾರ್ಕ್ಸ್ ಎಲ್ಲ ಅಮ್ಮಂದಿರದ್ದೇ.

ಬಾರದ ಮಕ್ಕಳಿಗೆ ಆನ್‌ಲೈನ್ ಮುಂದುವರಿಸುತ್ತೇವೆ ಎಂದಿದ್ದಾರೆ. ಅದೇ ಮಿಸ್ಸು ಅಲ್ಲೂ ಪಾಠ ಮಾಡಿ, ಫೋನಿಗೂ ಪಾಠ ಮಾಡಬೇಕಂತೆ. ಯಾರಾದರೂ ಇದೇ ಪರಿಸ್ಥಿತಿಯಲ್ಲಿ ಇದ್ದೀರಾ? ದೇವರ ಮೇಲೆ ಭಾರ ಹಾಕಿ ಕಳಿಸಿ ಅಂತ ಮಾತ್ರ ಹೇಳಬೇಡಿ. ಅದನ್ನು ಹೇಳೋಕೆ ನಮ್ಮತ್ತೆಯೇ ಇದ್ದಾರೆ.

ಬನಶಂಕರಿ ಅಪ್ಪ

ಕಳಿಸಬೇಡಿ. ನನ್ನ ಮಗಳು ಆಗ ಎಂಟನೇ ಕ್ಲಾಸ್. ಈ ವರ್ಷ ಫೆಬ್ರವರಿ 22ಕ್ಕೆ ತೆರೆದರು, ಸಂಭ್ರಮದಲ್ಲಿ ಕಳಿಸಿದೆವು. ಏಪ್ರಿಲ್‌ನಲ್ಲಿ ಬಾಗಿಲು ಹಾಕಿದರು. ಆಮೇಲೆ ಎರಡನೇ ಅಲೆಯಲ್ಲಿ, ಮೇ ತಿಂಗಳಲ್ಲಿ ಬೆಂಗಳೂರು ಹೇಗಿತ್ತು ಅಂತ ನಾನು ಹೇಳಬೇಕಾಗಿಲ್ಲ. ಮಕ್ಕಳಿಗೆ ಇನ್ನೂ ಲಸಿಕೆ ಬಂದಿಲ್ಲ. ಒಂದೂವರೆ ವರ್ಷ ಕಾದಿದ್ದೀರಿ, ಇನ್ನಾರು ತಿಂಗಳು ಕಾದರೆ ಎರಡನೇ ಕ್ಲಾಸಿನಲ್ಲಿ ಏನು ಮುಳುಗಿಹೋಗುತ್ತೆ? ಕೂಡೋದು ಕಳೆಯೋದು ಮನೆಯಲ್ಲೇ ಕಲಿಸಬಹುದು ಅಲ್ವಾ?

ಘಟ್ಟದ ಮೇಷ್ಟ್ರು

ಏನು ಮುಳುಗುತ್ತೆ ಅಂತ ನಾನು ಹೇಳುತ್ತೇನೆ ಸಾರ್. ನಾನು ಸಾಗರ ತಾಲ್ಲೂಕಿನ ಒಂದು ಸರ್ಕಾರಿ ಶಾಲೆಯಲ್ಲಿದ್ದೇನೆ. ಒಂದನೇ, ಎರಡನೇ ಕ್ಲಾಸಿನಲ್ಲಿ ಮಗು ಓದೋದಕ್ಕೆ ಕಲಿಯುತ್ತೆ. ಮುಂದಿನ ಕ್ಲಾಸುಗಳಲ್ಲಿ ಓದಿ ಕಲಿಯುತ್ತೆ. ಮೊದಲನೆಯದು ತಪ್ಪಿದರೆ ಮಿಕ್ಕಿದ್ದು ಯಾವುದೂ ನಿಲ್ಲೋಲ್ಲ.

ಸೆಪ್ಟೆಂಬರ್ 6ಕ್ಕೆ ನಮ್ಮಲ್ಲಿ ಆರನೇ ಕ್ಲಾಸು ಶುರುವಾಯಿತು. ಈ ಮಕ್ಕಳು ಹಿಂದೆ ಸರಿಯಾಗಿ ಶಾಲೆಯಲ್ಲಿ ಕೂತಿದ್ದು ನಾಲ್ಕನೇ ಕ್ಲಾಸಿನಲ್ಲಿ. ಮೊದಲ ವಾರ ಒಬ್ಬಳನ್ನು ನಿಲ್ಲಿಸಿ ಪದ್ಯ ಓದಿಸಿದೆ. ಒಂದು ತಪ್ಪಿಲ್ಲದೆ ಹೇಳಿದಳು. ಬೆರಳು ಮಾತ್ರ ಎರಡು ಸಾಲು ಹಿಂದೆ ಇತ್ತು. ಅಕ್ಕ ಬಾಯಿಪಾಠ ಮಾಡಿಸಿದ್ದಳು. ಪುಟ ತಿರುಗಿಸಿ ಗದ್ಯ ಕೊಟ್ಟೆ. ಒತ್ತಕ್ಷರ ಬಂದಲ್ಲೆಲ್ಲ ನಿಂತಳು. ಐದು ನಿಮಿಷ ನಾನೂ ಅವಳೂ ಸುಮ್ನೆ ಪುಸ್ತಕ ನೋಡಿಕೊಂಡು ಕೂತೆವು.

ನಮ್ಮ ಊರಿಗೆ ಆನ್‌ಲೈನ್ ಎನ್ನುವ ಆಯ್ಕೆ ಬರಲೇ ಇಲ್ಲ. ನೆಟ್‌ವರ್ಕ್ ಬೇಕು ಅಂದರೆ ಗುಡ್ಡ ಹತ್ತಬೇಕು. ಚಂದನ ಟಿವಿಯಲ್ಲಿ ಸಂವೇದ ಅಂತ ಪಾಠ ಬಂತು, ಅದೂ ಮೊದಲಿಗೆ ಹೈಸ್ಕೂಲ್ ಮಕ್ಕಳಿಗೆ. 2020ರ ಆಗಸ್ಟ್‌ನಲ್ಲಿ ವಿದ್ಯಾಗಮ ಮಾಡಿದೆವು, ಅಂದರೆ ಮಕ್ಕಳಿದ್ದ ಕಡೆಗೇ ಹೋಗಿ ಪಾಠ. ಜಗಲಿ, ದೇವಸ್ಥಾನದ ಪೌಳಿ, ಅಡಿಕೆ ಚಪ್ಪರ, ಎಲ್ಲಿ ಜಾಗ ಸಿಕ್ಕಿತೋ ಅಲ್ಲಿ. ಮಳೆ ಜೋರಾದರೆ ನನ್ನ ದನಿ ನನಗೇ ಕೇಳುತ್ತಿರಲಿಲ್ಲ, ಆದರೂ ಮಕ್ಕಳು ಬರುತ್ತಿದ್ದರು. ಅಕ್ಟೋಬರ್‌ನಲ್ಲಿ ಅದನ್ನೂ ನಿಲ್ಲಿಸಿದರು. ಬಿಸಿಯೂಟದ ಬದಲು ಅಕ್ಕಿ ಬೇಳೆ ಮನೆಗೆ ಹಂಚಿದೆವು. ಪಾಠವನ್ನು ಹಾಗೆ ಹಂಚೋಕೆ ಆಗುತ್ತಾ?

ಸೊಸೆಯವರೇ, ಒಂದು ಕೆಲಸ ಮಾಡಿ. ಮಗನಿಗೆ ಗೊತ್ತಿಲ್ಲದ ಯಾವುದಾದರೂ ಪುಸ್ತಕ ತೆಗೆದು, ಮಧ್ಯದ ಒಂದು ಪುಟ ಕೊಡಿ. ಬೆರಳಿಟ್ಟು ಓದಲಿ. ನೀವು ತುಟಿ ಅಲ್ಲಾಡಿಸಬೇಡಿ. ಆಮೇಲೆ ಕಳಿಸೋದಾ ಬೇಡವಾ ಯೋಚಿಸಿ.

ಹಾಸನದ ಸಿಸ್ಟರ್

ನಾನು ಡಯಾಲಿಸಿಸ್ ಯೂನಿಟ್‌ನಲ್ಲೇ ಕೆಲಸ ಮಾಡೋಳು. ಮೇಷ್ಟ್ರು ಹೇಳಿದ್ದು ಸರಿ, ಆದರೆ ಅಜ್ಜಿಯ ವಿಷಯ ಹಗುರ ಮಾಡಬೇಡಿ. ಕಿಡ್ನಿ ಹೋದವರಿಗೆ ಲಸಿಕೆ ಬೇರೆಯವರಷ್ಟು ಚೆನ್ನಾಗಿ ಹಿಡಿಯೋಲ್ಲ. ಎರಡು ಡೋಸ್ ಆಯಿತು ಅಂತ ನಿಶ್ಚಿಂತೆಯಾಗಿ ಕೂರುವ ಹಾಗಿಲ್ಲ. ಇನ್ನೊಂದು, ಅವರಿಗೆ ಪಾಸಿಟಿವ್ ಬಂದರೆ ಜ್ವರಕ್ಕಿಂತ ದೊಡ್ಡ ತೊಂದರೆ ಡಯಾಲಿಸಿಸ್‌ದು. ಪಾಸಿಟಿವ್ ಆದವರಿಗೆ ಬೇರೆ ಮೆಷಿನ್, ಬೇರೆ ಪಾಳಿ ಬೇಕು. ಮೇ ತಿಂಗಳಲ್ಲಿ ಅದಕ್ಕಾಗಿ ಊರೂರು ಫೋನ್ ಮಾಡಿದವರನ್ನು ನೋಡಿದ್ದೇನೆ. ನಿಮ್ಮ ಯೂನಿಟ್‌ನಲ್ಲಿ ಆ ವ್ಯವಸ್ಥೆ ಇದೆಯಾ ಅಂತ ಈಗಲೇ ಕೇಳಿಟ್ಟುಕೊಳ್ಳಿ.

ಇನ್ನು ಮಗು. ಜೂನ್-ಜುಲೈನಲ್ಲಿ ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ಮಾಡಿದ ಸೀರೋ ಸರ್ವೆಯಲ್ಲಿ, ಅಂದರೆ ರಕ್ತ ಪರೀಕ್ಷೆಯ ಸಮೀಕ್ಷೆಯಲ್ಲಿ, 6ರಿಂದ 9 ವರ್ಷದ ಮಕ್ಕಳಲ್ಲಿ 57% ಮಂದಿಗೆ ಆಗಲೇ ಸೋಂಕು ಬಂದುಹೋದ ಗುರುತು ಸಿಕ್ಕಿತ್ತು. ಸ್ಕೂಲು ಮುಚ್ಚಿದ್ದಾಗಲೇ ಇಷ್ಟು! ಚಿಕ್ಕ ಮಕ್ಕಳು ವೈರಸ್ಸನ್ನು ದೊಡ್ಡವರಿಗಿಂತ ಚೆನ್ನಾಗಿ ತಡೆದುಕೊಳ್ಳುತ್ತಾರೆ, ತೆರೆಯುವುದಾದರೆ ಪ್ರೈಮರಿಯಿಂದ ತೆರೆಯಿರಿ ಅಂತ ಐಸಿಎಂಆರ್‌ನ ಬಲರಾಮ್ ಭಾರ್ಗವ ಜುಲೈನಲ್ಲೇ ಹೇಳಿದ್ದರು. ನಾವು ತಲೆಕೆಳಗು ಮಾಡಿ ಕೊನೆಗೆ ತೆರೆಯುತ್ತಿದ್ದೇವೆ.

ನಾನು ಕೇಳೋದು ಒಂದೇ. ಮಗು ಸ್ಕೂಲಿಗೆ ಹೇಗೆ ಹೋಗುತ್ತೆ? ಕ್ಲಾಸಿನಲ್ಲಿ ದೂರ ದೂರ ಕೂರಿಸುತ್ತಾರೆ, ಕಿಟಕಿ ತೆಗೆದಿಡುತ್ತಾರೆ ಅಂದುಕೊಳ್ಳೋಣ. ವ್ಯಾನಿನಲ್ಲಿ?

ಮೈಸೂರು ಸೊಸೆ

ಅಯ್ಯೋ ಸಿಸ್ಟರ್, ವ್ಯಾನ್ ವಿಷಯ ಪತ್ರದಲ್ಲೂ ಇಲ್ಲ, ನನ್ನ ತಲೆಯಲ್ಲೂ ಇರಲಿಲ್ಲ. ಡ್ರೈವರ್‌ಗೆ ಫೋನ್ ಮಾಡಿದೆ. ಮೊದಲಿನ ಹಾಗೇ ಕೂರಿಸುತ್ತೇನೆ ಮೇಡಂ, ಡೀಸೆಲ್ ರೇಟ್ ನೋಡಿದ್ದೀರಲ್ಲ ಎಂದರು. ಮೊದಲಿನ ಹಾಗೆ ಅಂದರೆ ತೊಡೆ ಮೇಲೆ ತೊಡೆ. ಅವರನ್ನೂ ಬೈಯೋಕಾಗಲ್ಲ, ಒಂದೂವರೆ ವರ್ಷ ವ್ಯಾನು ಮನೆ ಮುಂದೆ ನಿಂತಿತ್ತು, ಕಂತು ಮಾತ್ರ ನಿಂತಿರಲಿಲ್ಲ.

ಮೇಷ್ಟ್ರೇ, ನೀವು ಹೇಳಿದ ಹಾಗೆ ಓದಿಸಿದೆ. ಮೊದಲ ಸಾಲು ನಿಧಾನಕ್ಕೆ ಓದಿದ, ಎರಡನೆಯದೂ ಓದಿದ. ಮೂರನೆಯದರಲ್ಲಿ ಸಿಕ್ಕಿಹಾಕಿಕೊಂಡು ಮೇಲೆ ಚಿತ್ರ ನೋಡಿದ. ಅದರಲ್ಲಿ ಕಾಗೆ ಇತ್ತು. ಅಕ್ಷರದಲ್ಲಿ ಇದ್ದದ್ದು 'ಹದ್ದು'. "ಕಾಗೆ" ಎಂದು ಜೋರಾಗಿ ಹೇಳಿ ಮುಂದಕ್ಕೆ ಹೋದ. ಅತ್ತೆ ಅಲ್ಲೇ ಕೂತು ಕೇಳುತ್ತಿದ್ದರು. ಅವರೇ ಎದ್ದು ತಮ್ಮ ಹಾಸಿಗೆ ಹಾಲ್‌ನಿಂದ ಒಳಗಿನ ಕೋಣೆಗೆ ಹಾಕಿಕೊಂಡರು. "ನಾಳೆಯಿಂದ ಅವನು ನಿನ್ನ ಹತ್ತಿರ ಮಲಗಲಿ, ಸ್ಕೂಲಿಗೆ ಕಳಿಸು" ಎಂದರು. ಮಗ ಒಪ್ಪಿಲ್ಲ, ಅದು ಬೇರೆ ಯುದ್ಧ.

ಸಹಿ ಮಾಡುತ್ತಿದ್ದೇನೆ. ವ್ಯಾನ್ ಬೇಡ, ಸ್ಕೂಟಿಯಲ್ಲಿ ನಾನೇ ಬಿಡುತ್ತೇನೆ. ಮೊದಲ ವಾರ ಹೇಗೂ ಅರ್ಧ ದಿನ. ನವೆಂಬರ್ 2ರಿಂದ ಪೂರ್ತಿ ದಿನ ಅಂದಾಗ ಊಟದ ಹೊತ್ತಿಗೆ ಎಲ್ಲರೂ ಮಾಸ್ಕ್ ತೆಗೆದು ಒಟ್ಟಿಗೆ ಕೂರುತ್ತಾರಲ್ಲ, ಅದಕ್ಕೇನು ಮಾಡೋದು? ಮಧ್ಯಾಹ್ನಕ್ಕೆ ಕರೆದುಕೊಂಡು ಬರಲಾ ಅಂತ ಮಿಸ್ಸನ್ನು ಕೇಳಬೇಕು.

ಬನಶಂಕರಿ ಅಪ್ಪ

ನಿಮ್ಮಿಷ್ಟ. ನಾನಾಗಿದ್ದರೆ ದೀಪಾವಳಿ ಮುಗಿಯೋವರೆಗೆ ನೋಡುತ್ತಿದ್ದೆ. ಪತ್ರದ ಒಂದು ಕಾಪಿ ಇಟ್ಟುಕೊಳ್ಳಿ. ಮನೆಯಲ್ಲಿ ಡಯಾಲಿಸಿಸ್ ಪೇಷಂಟ್ ಇದ್ದಾರೆ, ಕ್ಲಾಸಿನಲ್ಲಿ ಯಾರಿಗಾದರೂ ಪಾಸಿಟಿವ್ ಬಂದರೆ ಅದೇ ದಿನ ತಿಳಿಸಿ ಅಂತ ಅದರ ಕೆಳಗೆ ಕೈಯಲ್ಲಿ ಬರೆದು ಕೊಡಿ.

ಹಾಸನದ ಸಿಸ್ಟರ್

ಈ ಮಾತು ನೂರಕ್ಕೆ ನೂರು. ಮಧ್ಯಾಹ್ನ ಕರೆತರಲು ಆಗದಿದ್ದರೆ ಹೊರಗೆ, ಕಾರಿಡಾರಿನಲ್ಲೋ ಮರದ ಕೆಳಗೋ ಊಟಕ್ಕೆ ಕೂರಿಸೋಕೆ ಕೇಳಿ. ನೆಗಡಿ, ಮೈ ಬಿಸಿ ಏನೇ ಇರಲಿ, ಆವತ್ತು ಸ್ಕೂಲೂ ಇಲ್ಲ, ಅಜ್ಜಿ ಕೋಣೆಯೂ ಇಲ್ಲ.

ಘಟ್ಟದ ಮೇಷ್ಟ್ರು

ಮಾಸ್ಕಿನ ಮೇಲೆ ಹೆಸರು ಬರೆದು ಕಳಿಸಿ. ಬ್ಯಾಗಿನಲ್ಲಿ ಇನ್ನೊಂದು ಇಡಿ. ನಮ್ಮಲ್ಲಿ ಆರನೇ ಕ್ಲಾಸಿನವರೇ ಸ್ಪೈಡರ್‌ಮ್ಯಾನ್ ಮಾಸ್ಕು ಕೊಟ್ಟು ಹೂವಿನ ಮಾಸ್ಕು ತಗೊಂಡು ಮನೆಗೆ ಹೋಗಿದ್ದಾರೆ.