ರೆಡಾಕ್ಸ್ ಸಮೀಕರಣ ನಿಮಗೆ ಹೇಗೆ ಒಲಿಯಿತು? ಅನುಭವ ಹೇಳಿ

ಕೇಳಿದವರು: ಹನ್ನೊಂದನೇ ತರಗತಿಯಲ್ಲಿ ಓದುತ್ತಿದ್ದೇನೆ. ಮೋಲ್ ಲೆಕ್ಕ, ಪರಮಾಣು ರಚನೆ ಪರವಾಗಿಲ್ಲ. ರೆಡಾಕ್ಸ್, ಅಂದರೆ ಎಲೆಕ್ಟ್ರಾನ್ ಕೊಟ್ಟು ತೆಗೆದುಕೊಳ್ಳುವ ಕ್ರಿಯೆ, ಬಂದ ಕೂಡಲೇ ಗೊಂದಲ ಶುರುವಾಗುತ್ತದೆ. ಆಕ್ಸಿಡೇಷನ್ ನಂಬರ್ (ಪರಮಾಣು ಎಷ್ಟು ಎಲೆಕ್ಟ್ರಾನ್ ಕೊಟ್ಟಿದೆ ಅಥವಾ ಪಡೆದಿದೆ ಎಂದು ಲೆಕ್ಕಕ್ಕಿಡುವ ಸಂಖ್ಯೆ) ಹಾಕಲು ಬರುತ್ತದೆ. ಆದರೆ ಆಕ್ಸಿಡೈಸಿಂಗ್ ಏಜೆಂಟ್ ಯಾವುದು, ರಿಡ್ಯೂಸಿಂಗ್ ಏಜೆಂಟ್ ಯಾವುದು ಅಂತ ಪ್ರತಿ ಸಲ ಅದಲುಬದಲಾಗುತ್ತದೆ. ಬ್ಯಾಲೆನ್ಸ್ ಮಾಡಲು ಹೋದರೆ ಕೊನೆಗೆ ಏನೋ ಒಂದು ಉಳಿದುಬಿಡುತ್ತದೆ. ಕಲಿತವರು, ಕಲಿಸಿದವರು ದಾರಿ ಹೇಳುತ್ತೀರಾ?

ಡಿಗ್ರಿ ಓದುತ್ತಿರುವವರು: ಏಜೆಂಟ್ ಹೆಸರು ಬಾಯಿಪಾಠ ಮಾಡಬೇಡಿ. ಎಲೆಕ್ಟ್ರಾನ್ ಎಲ್ಲಿಂದ ಹೊರಟು ಎಲ್ಲಿಗೆ ಹೋಯಿತು ನೋಡಿ. ಕಾಪರ್ ಸಲ್ಫೇಟ್ ದ್ರಾವಣದಲ್ಲಿ ಸತುವಿನ ಪಟ್ಟಿ ಇಟ್ಟರೆ ನೀಲಿ ಬಣ್ಣ ಮಾಸುತ್ತಾ ಹೋಗುತ್ತದೆ, ಪಟ್ಟಿಯ ಮೇಲೆ ತಾಮ್ರ ಕೂರುತ್ತದೆ. ಸತು 2 ಎಲೆಕ್ಟ್ರಾನ್ ಕೊಟ್ಟಿತು, ತಾಮ್ರದ ಅಯಾನು ತೆಗೆದುಕೊಂಡಿತು. ಕೊಡುವುದು ಆಕ್ಸಿಡೇಷನ್, ತೆಗೆದುಕೊಳ್ಳುವುದು ರಿಡಕ್ಷನ್. ತಾಮ್ರ ರಿಡ್ಯೂಸ್ ಆಗಲು ಕಾರಣ ಸತು ಅಲ್ವಾ? ಹಾಗಾಗಿ ಸತುವೇ ರಿಡ್ಯೂಸಿಂಗ್ ಏಜೆಂಟ್. ನಾನು ಪ್ರತಿ ಸಮೀಕರಣದ ಕೆಳಗೆ ಪೆನ್ಸಿಲ್‌ನಲ್ಲಿ ‘ಕೊಟ್ಟದ್ದು’, ‘ಪಡೆದದ್ದು’ ಅಂತ ಬರೆದುಕೊಳ್ಳುತ್ತಿದ್ದೆ. ಆಮೇಲೆ ಬರೆಯುವ ಅಗತ್ಯವೇ ಬೀಳಲಿಲ್ಲ.

ಪಾಠ ಮಾಡುವವರು: ಕೊನೆಗೆ ಏನೋ ಉಳಿಯುತ್ತದೆ ಎಂದಿರಿ. ನನ್ನ ಮಕ್ಕಳಲ್ಲಿ ಜಾಸ್ತಿ ನೋಡುವುದು ಇದನ್ನೇ. ಪರಮಾಣು ಎಣಿಸುತ್ತಾರೆ, ಚಾರ್ಜ್ ಎಣಿಸುವುದಿಲ್ಲ.

ಆಮ್ಲದಲ್ಲಿ ಪರ್ಮಾಂಗನೇಟ್ (MnO₄⁻) ಮತ್ತು ಫೆರಸ್ ಅಯಾನು (Fe²⁺) ತೆಗೆದುಕೊಳ್ಳಿ. ಎಲೆಕ್ಟ್ರಾನ್ ಪಡೆಯುವುದು ಒಂದು, ಕೊಡುವುದು ಇನ್ನೊಂದು, ಹೀಗೆ ಎರಡು ಅರ್ಧ ಕ್ರಿಯೆಗಳಾಗಿ ಬಿಡಿಸಿ. ಪರ್ಮಾಂಗನೇಟ್‌ನಲ್ಲಿ 4 ಆಕ್ಸಿಜನ್ ಇದೆ, ಬಲಕ್ಕೆ 4 ನೀರು ಬರೆಯಿರಿ. ನೀರಿನಲ್ಲಿ 8 ಹೈಡ್ರೋಜನ್ ಬಂತು, ಎಡಕ್ಕೆ 8 ಹೈಡ್ರೋಜನ್ ಅಯಾನು ಸೇರಿಸಿ. ಈಗ ಚಾರ್ಜ್ ನೋಡಿ. ಎಡಕ್ಕೆ −1 ಮತ್ತು +8, ಒಟ್ಟು +7. ಬಲಕ್ಕೆ ಮ್ಯಾಂಗನೀಸ್ ಅಯಾನಿನ +2 ಮಾತ್ರ. ಸರಿಹೋಗಬೇಕಾದರೆ ಎಡಕ್ಕೆ 5 ಎಲೆಕ್ಟ್ರಾನ್ ಬೇಕು. ಮ್ಯಾಂಗನೀಸ್‌ನ ಆಕ್ಸಿಡೇಷನ್ ನಂಬರ್ +7ರಿಂದ +2ಕ್ಕೆ ಇಳಿಯಿತಲ್ಲ, ಅಲ್ಲೂ ಅದೇ 5. ಎರಡು ದಾರಿಯಲ್ಲಿ ಒಂದೇ ಸಂಖ್ಯೆ ಬಂದಾಗ ನನಗೆ ಇವತ್ತಿಗೂ ಖುಷಿಯಾಗುತ್ತದೆ.

ಫೆರಸ್ +2ರಿಂದ ಫೆರಿಕ್ +3 ಆಗುವಾಗ ಬಿಡುವುದು 1 ಎಲೆಕ್ಟ್ರಾನ್. ಆದ್ದರಿಂದ 5 ಫೆರಸ್ ಬೇಕು. ಕೂಡಿಸಿದ ಮೇಲೆ ಮತ್ತೊಮ್ಮೆ ಚಾರ್ಜ್ ಎಣಿಸಿ. ಎಡಕ್ಕೆ −1, +10, +8 ಸೇರಿ +17. ಬಲಕ್ಕೆ +2, +15 ಸೇರಿ +17. ಈ ಕೊನೆಯ ಎಣಿಕೆ ಅರ್ಧ ನಿಮಿಷದ ಕೆಲಸ, ಬಿಡಬೇಡಿ.

ಪ್ರತ್ಯಾಮ್ಲವಾದರೆ ಮೊದಲು ಆಮ್ಲದಂತೆಯೇ ಮುಗಿಸಿ. ಆಮೇಲೆ ಹೈಡ್ರೋಜನ್ ಅಯಾನು ಎಷ್ಟಿದೆಯೋ ಅಷ್ಟು ಹೈಡ್ರಾಕ್ಸೈಡನ್ನು ಎರಡೂ ಕಡೆ ಸೇರಿಸಿ, ನೀರು ಮಾಡಿ ಕಳೆದುಬಿಡಿ.

ಲ್ಯಾಬ್ ನೋಡಿಕೊಳ್ಳುವವರು: ಟೈಟ್ರೇಷನ್ (ಒಂದು ದ್ರಾವಣವನ್ನು ಹನಿಹನಿಯಾಗಿ ಹಾಕಿ ಇನ್ನೊಂದರ ಪ್ರಮಾಣ ಅಳೆಯುವುದು) ಮಾಡುವಾಗ ಇದನ್ನೆಲ್ಲ ನೆನಪಿಸಿಕೊಳ್ಳಿ, ಪಾಠ ಗಟ್ಟಿಯಾಗುತ್ತದೆ. ಪರ್ಮಾಂಗನೇಟ್ ಆಮ್ಲದಲ್ಲಿ ಬಣ್ಣ ಕಳೆದುಕೊಳ್ಳುತ್ತದೆ. ಆಮ್ಲ ಸಾಲದಿದ್ದರೆ ಮ್ಯಾಂಗನೀಸ್ +4ರಲ್ಲೇ ನಿಂತು ಕಂದು ಬಣ್ಣದ ಮ್ಯಾಂಗನೀಸ್ ಡೈಆಕ್ಸೈಡ್ ಕಾಣುತ್ತದೆ. ಸಲ್ಫ್ಯೂರಿಕ್ ಆಮ್ಲವನ್ನೇ ಏಕೆ ಹಾಕುತ್ತೇವೆ ಅಂತ ತುಂಬಾ ಜನ ಸುಮ್ನೆ ಬಿಟ್ಟುಬಿಡುತ್ತಾರೆ. ಹೈಡ್ರೋಕ್ಲೋರಿಕ್ ಹಾಕಿದರೆ ಪರ್ಮಾಂಗನೇಟ್ ಅದರ ಕ್ಲೋರೈಡನ್ನೂ ಆಕ್ಸಿಡೈಸ್ ಮಾಡಿ ಲೆಕ್ಕ ಕೆಡಿಸುತ್ತದೆ. ನೈಟ್ರಿಕ್ ತಾನೇ ಆಕ್ಸಿಡೈಸಿಂಗ್ ಏಜೆಂಟ್. ಪರೀಕ್ಷೆಯಲ್ಲಿ ಮೌಖಿಕವಾಗಿ ಕೇಳುವ ಪ್ರಶ್ನೆ ಇದು.

ಕೇಳಿದವರು: ಚಾರ್ಜ್ ನಾನು ಎಣಿಸುತ್ತಲೇ ಇರಲಿಲ್ಲ, ತುಂಬಾ ಥ್ಯಾಂಕ್ಸ್. ಇನ್ನೊಂದು ಸಂದೇಹ. 3 ಕಬ್ಬಿಣ, 4 ಆಕ್ಸಿಜನ್ ಇರುವ ಆಕ್ಸೈಡ್‌ನಲ್ಲಿ ಕಬ್ಬಿಣಕ್ಕೆ 8/3 ಬರುತ್ತದೆ. ಭಿನ್ನರಾಶಿ ಬರಬಹುದಾ?

ಪಾಠ ಮಾಡುವವರು: ಬರಬಹುದು, ಅದು ಸರಾಸರಿ. ಅದರಲ್ಲಿ ಎರಡು ಕಬ್ಬಿಣ +3, ಒಂದು +2. ಒಟ್ಟು 8, ಮೂರರಿಂದ ಭಾಗಿಸಿದರೆ 8/3. ಹಾಗೆಯೇ ಪೆರಾಕ್ಸೈಡ್‌ನಲ್ಲಿ ಆಕ್ಸಿಜನ್ −1, ಸೋಡಿಯಂ ಹೈಡ್ರೈಡ್‌ನಲ್ಲಿ ಹೈಡ್ರೋಜನ್ −1. ಇವೆರಡನ್ನು ನೆನಪಿಟ್ಟುಕೊಳ್ಳಿ.

ಈಗ ಆಮ್ಲದಲ್ಲಿ ಡೈಕ್ರೋಮೇಟ್ (Cr₂O₇²⁻) ಕ್ರೋಮಿಯಂ ಅಯಾನು (Cr³⁺) ಆಗುವ ಅರ್ಧ ಕ್ರಿಯೆ ನೀವೇ ಮಾಡಿ ನೋಡಿ. ಕ್ರೋಮಿಯಂ ಎರಡಿದೆ, ಮೊದಲು ಅದನ್ನು ಸರಿ ಮಾಡಿಕೊಳ್ಳಿ. ಇಲ್ಲದಿದ್ದರೆ ಎಲೆಕ್ಟ್ರಾನ್ 3 ಬಂದು ಅಲ್ಲೇ ಸಿಕ್ಕಿಹಾಕಿಕೊಳ್ಳುತ್ತೀರಿ. 14 ಹೈಡ್ರೋಜನ್ ಅಯಾನು, 6 ಎಲೆಕ್ಟ್ರಾನ್, 7 ನೀರು ಬಂದು, ಎರಡೂ ಕಡೆ ಚಾರ್ಜ್ +6 ಆದರೆ ಸರಿಯಿದೆ.